ಆಪ್ತರ ನಿಧನ ವಾರ್ತೆ ಬರೆಯುವುದು, ಪ್ರಕಟಿಸುವುದು ಹೇಗೆ?

ಮನೆಯಲ್ಲಿ ಸಾವಾದ ದಿನ ಬರೆಯಲು ಕೂರುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೂ ಯಾರಾದರೂ ಬರೆಯಲೇಬೇಕು, ಅದೂ ಸಂಜೆಯೊಳಗೆ. "ನೀನು ಚೆನ್ನಾಗಿ ಬರೀತೀಯಲ್ಲ" ಎಂದು ಈ ಕೆಲಸ ಮನೆಯ ಯಾರೋ ಒಬ್ಬರ ತಲೆಗೆ ಬರುತ್ತದೆ. ಈ ಬರಹ ಆ ಒಬ್ಬರಿಗಾಗಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ನಿಮ್ಮ ಮುಂದೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಸುದ್ದಿ ಮುಟ್ಟಿಸುವುದು: ಯಾರು ತೀರಿಕೊಂಡರು, ಅಂತ್ಯಕ್ರಿಯೆ ಯಾವಾಗ, ಎಲ್ಲಿ. ಇನ್ನೊಂದು, ಆ ಮನುಷ್ಯ ಹೇಗೆ ಬದುಕಿದ್ದರು ಎಂದು ಹೇಳುವುದು. ಮೊದಲನೆಯದು ಇವತ್ತೇ ಆಗಬೇಕು. ಎರಡನೆಯದು ಒಂದು ವಾರ ತಡವಾದರೂ ಯಾರೂ ಬೇಡ ಎನ್ನುವುದಿಲ್ಲ. ಎರಡನ್ನೂ ಒಂದೇ ಸಂಜೆ ಒಂದೇ ಹಾಳೆಗೆ ತುರುಕಲು ಹೋದರೆ ಹೊಗಳಿಕೆಯ ಮಾತುಗಳು ತುಂಬಿಕೊಳ್ಳುತ್ತವೆ, ಅಂತ್ಯಕ್ರಿಯೆಯ ಜಾಗ ಬರೆಯುವುದೇ ಮರೆತುಹೋಗುತ್ತದೆ. ಹಾಗಾಗಿ ಇವತ್ತು ಆರೇಳು ಸಾಲಿನ ಪ್ರಕಟಣೆ ಸಾಕು. ಬದುಕಿನ ಬರಹ ನಿಧಾನವಾಗಿ ಆಗಲಿ.

1. ಮೊದಲು ಫೋನು, ಆಮೇಲೆ ಬರಹ

ತೀರಿಕೊಂಡವರ ಒಡಹುಟ್ಟಿದವರು, ಮಕ್ಕಳು, ದೂರದಲ್ಲಿರುವ ಮೊಮ್ಮಕ್ಕಳು, ತೀರಾ ಹತ್ತಿರದ ಗೆಳೆಯರು. ಇವರಿಗೆಲ್ಲ ಯಾರಾದರೂ ಮಾತಾಡಿಯೇ ವಿಷಯ ತಿಳಿಸಬೇಕು. ಸ್ವಂತ ಅಣ್ಣ ಹೋದ ಸುದ್ದಿಯನ್ನು ವಾಟ್ಸಾಪ್ ಸ್ಟೇಟಸ್‌ನಲ್ಲಿ ನೋಡಿದ ತಂಗಿ ಅದನ್ನು ಸುಲಭಕ್ಕೆ ಮರೆಯುವುದಿಲ್ಲ. ಈ ಕರೆಗಳು ಮುಗಿಯುವವರೆಗೆ ಏನನ್ನೂ ಪೋಸ್ಟ್ ಮಾಡಬೇಡಿ. ಉಳಿದವರಿಗೂ ಹಾಗೆಯೇ ಹೇಳಿ.

ಇದೇ ಹೊತ್ತಿನಲ್ಲಿ ಮೂರು ಜವಾಬ್ದಾರಿ ಹಂಚಿಕೊಳ್ಳಿ. ಬರೆಯುವವರು ಒಬ್ಬರು. ಓದಿ ತಪ್ಪು ನೋಡುವವರು ಇನ್ನೊಬ್ಬರು. ಹೊರಗಿನವರ ಕರೆಗೆ ಉತ್ತರಿಸುವವರು ಮತ್ತೊಬ್ಬರು. ಪ್ರಕಟಣೆಯಲ್ಲಿ ಹಾಕುವ ನಂಬರ್ ಈ ಮೂರನೆಯವರದ್ದಾಗಿರಲಿ. ತೀರಿಕೊಂಡವರ ಗಂಡನದೋ ಹೆಂಡತಿಯದೋ ನಂಬರ್ ಹಾಕಿದರೆ ಅವರ ಫೋನು ಇಡೀ ದಿನ ಬಡಿದುಕೊಳ್ಳುತ್ತಲೇ ಇರುತ್ತದೆ.

2. ವಿವರಗಳ ಚೀಟಿ

ವಾಕ್ಯ ಕಟ್ಟುವ ಮೊದಲು ಬರೀ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ದಾಖಲೆಯಲ್ಲಿರುವ ಪೂರ್ತಿ ಹೆಸರು, ಜನ ಕರೆಯುತ್ತಿದ್ದ ಹೆಸರು, ವಯಸ್ಸು, ತೀರಿಕೊಂಡ ದಿನ, ಮಾಡುತ್ತಿದ್ದ ಕೆಲಸ, ಹತ್ತಿರದ ಕುಟುಂಬದವರು, ಅಂತ್ಯಕ್ರಿಯೆಯ ದಿನ, ಹೊತ್ತು, ಜಾಗ. ಯಾವುದನ್ನೂ ನೆನಪಿನಿಂದ ಬರೆಯಬೇಡಿ. ಗುರುತಿನ ಚೀಟಿ ತೆಗೆದು ನೋಡಿಯೇ ಬರೆಯಿರಿ. ದುಃಖದಲ್ಲಿರುವಾಗ ಹೆತ್ತ ಅಮ್ಮನ ಹುಟ್ಟಿದ ವರ್ಷವೂ ಕೈಕೊಡುತ್ತದೆ.

ಕರೆಯುವ ಹೆಸರು ಬಹಳ ಮುಖ್ಯ. ದಾಖಲೆಯ ಹೆಸರು ಒಂದು, ಊರಿಗೆಲ್ಲ ಗೊತ್ತಿದ್ದ ಹೆಸರು ಇನ್ನೊಂದು ಆಗಿದ್ದರೆ ಎರಡನ್ನೂ ಹಾಕಿ. ಇಲ್ಲದಿದ್ದರೆ ಮೂವತ್ತು ವರ್ಷದ ಸಹೋದ್ಯೋಗಿಯೂ ಪ್ರಕಟಣೆ ನೋಡಿ, ಯಾರೋ ಬೇರೆಯವರು ಅಂದುಕೊಂಡು ಪುಟ ತಿರುಗಿಸುತ್ತಾರೆ.

ಅಣ್ಣತಮ್ಮಂದಿರ ಹೆಸರು ಒಂದೇ ತರ ಇದ್ದರೆ ಇನ್ನೂ ಹುಷಾರಾಗಿರಬೇಕು. 1888ರಲ್ಲಿ ಲುಡ್ವಿಗ್ ನೊಬೆಲ್ ತೀರಿಕೊಂಡಾಗ ಫ್ರಾನ್ಸಿನ ಪತ್ರಿಕೆಯೊಂದು ಅವರ ತಮ್ಮ, ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಸತ್ತರೆಂದು ಸುದ್ದಿ ಹಾಕಿಬಿಟ್ಟಿತ್ತು. ಆಲ್ಫ್ರೆಡ್ ಆಮೇಲೆ ಎಂಟು ವರ್ಷ ಬದುಕಿದ್ದರು.

ವಯಸ್ಸನ್ನು ತುಂಬಿದ ವರ್ಷದಲ್ಲೇ ಹೇಳಿ. ಮನೆಯಲ್ಲಿ ಒಬ್ಬರು 82 ಎನ್ನುತ್ತಾರೆ, ಇನ್ನೊಬ್ಬರು 83 ನಡೀತಿತ್ತು ಎನ್ನುತ್ತಾರೆ. ಹುಟ್ಟಿದ ದಿನ ನೋಡಿ ಲೆಕ್ಕ ಹಾಕಿ, ಜಗಳ ಮುಗಿಸಿ.

3. ಇವತ್ತಿನ ಪ್ರಕಟಣೆ

ಇದಕ್ಕೆ ಸಾಹಿತ್ಯ ಬೇಡ. ಹೀಗಿದ್ದರೆ ಸಾಕು:

"ನಿವೃತ್ತ ಶಿಕ್ಷಕಿ (ಪೂರ್ತಿ ಹೆಸರು), 78 ವರ್ಷ, ಮಂಗಳವಾರ (ದಿನಾಂಕ) ರಾತ್ರಿ ನಿಧನರಾದರು. ಅವರಿಗೆ ಪತಿ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು ಇದ್ದಾರೆ. ಅಂತಿಮ ದರ್ಶನ ಗುರುವಾರ (ದಿನಾಂಕ) ಬೆಳಿಗ್ಗೆ 8ರಿಂದ 10ರವರೆಗೆ (ಜಾಗ). ಅಂತ್ಯಕ್ರಿಯೆ ಅದೇ ದಿನ 11 ಗಂಟೆಗೆ (ಜಾಗ). ಸಂಪರ್ಕಕ್ಕೆ: (ಒಬ್ಬರ ಹೆಸರು, ಒಂದೇ ನಂಬರ್)."

ವಾರದ ಜೊತೆ ದಿನಾಂಕ ಇರಲೇಬೇಕು. "ಇಂದು ನಿಧನರಾದರು, ನಾಳೆ ಅಂತ್ಯಕ್ರಿಯೆ" ಎಂದು ಬರೆದ ಮೆಸೇಜು ಫಾರ್ವರ್ಡ್ ಆಗುತ್ತಾ ನಾಲ್ಕು ದಿನ ಬಿಟ್ಟು ಯಾರಿಗೋ ತಲುಪುತ್ತದೆ. ಆಗ ಆ "ನಾಳೆ"ಗೆ ಅರ್ಥವೇ ಇಲ್ಲ. ಪಾಪ, ಅವರು ಮುಗಿದುಹೋದ ಅಂತ್ಯಕ್ರಿಯೆಗೆ ಹೊರಟಿರುತ್ತಾರೆ.

"ನಿಧನರಾದರು" ಅಥವಾ "ತೀರಿಕೊಂಡರು" ಎಲ್ಲರಿಗೂ ಒಪ್ಪುವ ಮಾತು. ಜೀವನಪೂರ್ತಿ ದೇವರನ್ನು ನಂಬದೆ ಬದುಕಿದವರನ್ನು "ದೈವಾಧೀನರಾದರು" ಎಂದು ಕಳಿಸಿಕೊಡುವುದು ಅವರಿಗೆ ಮಾಡುವ ಸಣ್ಣ ಅನ್ಯಾಯ. ನಂಬಿಕೆಯುಳ್ಳವರಾಗಿದ್ದರೆ ಧಾರಾಳವಾಗಿ ಬಳಸಿ.

ಹಿಂದೆ ಯಾರಿಗೋ ಬರೆದಿದ್ದ ಪ್ರಕಟಣೆಯನ್ನೇ ತೆಗೆದು ಹೆಸರು ಬದಲಿಸುವ ಆಸೆ ಬರುತ್ತದೆ. ಬಳಸಬಹುದು, ಆದರೆ ಸಾಲು ಸಾಲಾಗಿ ನೋಡಬೇಕು. 2003ರಲ್ಲಿ ಅಮೆರಿಕದ ಸುದ್ದಿವಾಹಿನಿ ಸಿಎನ್‌ಎನ್ ಮುಂಚೆಯೇ ಬರೆದಿಟ್ಟಿದ್ದ ಗಣ್ಯರ ನಿಧನ ವಾರ್ತೆಯ ಕರಡುಗಳು ಇಂಟರ್ನೆಟ್‌ನಲ್ಲಿ ಜನರ ಕಣ್ಣಿಗೆ ಬಿದ್ದವು. ಬ್ರಿಟನ್ನಿನ ರಾಜಮಾತೆಯ ಪುಟವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರಿಂದ, ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಅವರ ಪುಟದಲ್ಲಿ ಬ್ರಿಟನ್ನಿನ ಅಚ್ಚುಮೆಚ್ಚಿನ ಅಜ್ಜಿ ಎಂಬ ಮಾತು ಉಳಿದುಬಿಟ್ಟಿತ್ತು. ಅಷ್ಟು ದೊಡ್ಡ ಸುದ್ದಿಮನೆಯಲ್ಲೇ ಹೀಗಾದರೆ, ನಿದ್ದೆಗೆಟ್ಟ ನಮ್ಮ ಕಣ್ಣಿಗೆ ಹಳೆಯ ಹೆಸರೊಂದು ತಪ್ಪಿಹೋಗುವುದು ಏನು ಮಹಾ?

4. ಬಿಡಬೇಕಾದ್ದು

ಹುಟ್ಟಿದ ತಾರೀಖು, ತಾಯಿಯ ತವರಿನ ಹೆಸರು, ಮನೆಯ ಪೂರ್ತಿ ವಿಳಾಸ, ಗುರುತಿನ ಚೀಟಿಯ ನಂಬರ್. ಇವಿಷ್ಟು ಬೇಡ. ಸತ್ತವರ ಹೆಸರಿನಲ್ಲಿ ಖಾತೆ ತೆರೆಯುವ, ಸಾಲ ಎತ್ತುವ ಮೋಸಗಾರರಿಗೆ ಬೇಕಾದ್ದು ಇದೇ. ಹುಟ್ಟಿದ ವರ್ಷವೋ ವಯಸ್ಸೋ ಸಾಕು. ಮನೆಯ ವಿಳಾಸ ಮತ್ತು ಅಂತ್ಯಕ್ರಿಯೆಯ ಹೊತ್ತು ಎರಡನ್ನೂ ಒಟ್ಟಿಗೆ ಹಾಕಿದರೆ ಮನೆ ಖಾಲಿ ಇರುವ ಸಮಯವನ್ನು ಕಳ್ಳನಿಗೆ ನಾವೇ ಹೇಳಿದ ಹಾಗೆ. ಜನ ಮನೆಗೇ ಬರಬೇಕಾದರೆ, ಎಲ್ಲರೂ ಹೊರಟ ಮೇಲೂ ಒಬ್ಬರು ಅಲ್ಲಿ ಉಳಿಯುವಂತೆ ನೋಡಿಕೊಳ್ಳಿ. ಚಿಕ್ಕ ಮಕ್ಕಳ ಶಾಲೆಯ ಹೆಸರೂ ಬೇಡ.

5. ಕುಟುಂಬದವರ ಹೆಸರು

ಜಗಳ ಶುರುವಾಗುವುದು ಇಲ್ಲಿ. ಯಾರ ಹೆಸರು ಮೊದಲು? ಸೊಸೆ, ಅಳಿಯಂದಿರ ಹೆಸರು ಬೇಕಾ? ಮಾತು ಬಿಟ್ಟ ಮಗನನ್ನು ಸೇರಿಸಬೇಕಾ? ಮೊದಲ ಮದುವೆಯ ಮಕ್ಕಳು?

ಒಂದು ನಿಯಮ ಹಿಡಿದು ಎಲ್ಲರಿಗೂ ಅದನ್ನೇ ಅನ್ವಯಿಸುವುದು ಒಳ್ಳೆಯ ದಾರಿ. ಮಕ್ಕಳನ್ನು ವಯಸ್ಸಿನ ಪ್ರಕಾರ ಹೇಳುತ್ತೀರಾದರೆ ಗಂಡು ಹೆಣ್ಣು ಎನ್ನದೆ ವಯಸ್ಸಿನ ಪ್ರಕಾರವೇ ಹೇಳಿ. ಒಬ್ಬ ಅಳಿಯನ ಹೆಸರು ಬಂದರೆ ಎಲ್ಲ ಅಳಿಯಂದಿರದ್ದೂ ಬರಲಿ. ಒಮ್ಮತ ಬರದಿದ್ದರೆ ಹೆಸರುಗಳನ್ನೇ ಬಿಟ್ಟು "ನಾಲ್ವರು ಮಕ್ಕಳು" ಎಂದುಬಿಡಿ. ಎಣಿಕೆ ಮಾತ್ರ ನಿಜವಾಗಿರಲಿ. ದೂರವಾದ ಮಗನೂ ಮಗನೇ, ಲೆಕ್ಕದಿಂದ ಅವನನ್ನು ತೆಗೆದರೆ ಓದಿದವರಿಗೆಲ್ಲ ಅದೇ ಸುದ್ದಿಯಾಗುತ್ತದೆ. ಮೊದಲೇ ತೀರಿಕೊಂಡ ಮಕ್ಕಳನ್ನು ಸೇರಿಸುವುದು ಬಿಡುವುದು ಹೆತ್ತವರಲ್ಲಿ ಉಳಿದಿರುವವರ ಇಷ್ಟ. ಅವರನ್ನೇ ಕೇಳಿ.

ಹಳೆಯ ಲೆಕ್ಕ ತೀರಿಸಿಕೊಳ್ಳುವ ಜಾಗ ಇದಲ್ಲ. ಬದುಕಿರುವವರ ಮೇಲೆ ಆರೋಪ ಬರೆದರೆ ಮಾನನಷ್ಟದ ಪ್ರಶ್ನೆಯೂ ಏಳುತ್ತದೆ.

6. ಸಾವಿನ ಕಾರಣ

ಹೇಳಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ. "ಕೆಲ ಕಾಲದ ಅನಾರೋಗ್ಯದ ನಂತರ" ಎಂದರೆ ಸಾಕು. ಸಾವು ಹಠಾತ್ತಾಗಿ ಬಂದಿದ್ದರೆ ಅಷ್ಟನ್ನು ಹೇಳುವುದು ಒಳ್ಳೆಯದು, ಫೋನು ಮಾಡಿದವರೆಲ್ಲ "ಏನಾಗಿತ್ತು?" ಎಂದು ಕೇಳುವುದು ಸ್ವಲ್ಪ ತಪ್ಪುತ್ತದೆ.

ಆತ್ಮಹತ್ಯೆಯಾಗಿದ್ದರೆ ಹೇಳಬೇಕೋ ಬೇಡವೋ ಎನ್ನುವುದು ಮನೆಯವರ ತೀರ್ಮಾನ. ಹೇಳುವುದಾದರೆ ಆ ಪದ ಒಂದು ಸಲ ಬಂದರೆ ಸಾಕು. ಹೇಗೆ, ಎಲ್ಲಿ ಎಂಬ ವಿವರ ಖಂಡಿತ ಬೇಡ. ಒಂದೇ ಕಾರಣ ಹುಡುಕಿ ಬರೆಯುವುದೂ ಬೇಡ. "ಕೊನೆಗೂ ನೆಮ್ಮದಿ ಸಿಕ್ಕಿತು" ಎಂಬಂಥ ಮಾತು, ಅದೇ ಸಂಕಟದಲ್ಲಿರುವ ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಕೊಟ್ಟಿರುವ ಸೂಚನೆಗಳೂ ವಿಧಾನ, ಜಾಗಗಳ ವಿವರ ಬೇಡ ಎಂದೇ ಹೇಳುತ್ತವೆ.

7. ಬದುಕಿನ ಬರಹ

ಈಗ ಎರಡನೆಯ ಕೆಲಸ. ಬಂದವರು ಹೋಗಿ ಮನೆ ಸ್ವಲ್ಪ ಖಾಲಿಯಾದ ಮೇಲೆ ಕುಳಿತುಕೊಳ್ಳಿ.

ಮೊದಲು ಸಾಮಗ್ರಿ. ಕಪಾಟಿನಲ್ಲಿರುವ ಫೈಲು, ಹಳೆಯ ಡೈರಿ, ಸರ್ಟಿಫಿಕೇಟು, ಫೋಟೋಗಳ ಹಿಂದೆ ಬರೆದಿಟ್ಟ ಸಾಲು. ಓದಿದ್ದೆಲ್ಲಿ, ಕೆಲಸಕ್ಕೆ ಸೇರಿದ್ದು ಯಾವಾಗ ಎಂಬುದೆಲ್ಲ ಇಲ್ಲೇ ಸಿಗುತ್ತದೆ. ಆಮೇಲೆ ಮೂರ್ನಾಲ್ಕು ಜನರ ಜೊತೆ ಮಾತಾಡಿ: ಜೊತೆಯಲ್ಲಿ ಕೆಲಸ ಮಾಡಿದವರು, ಅಕ್ಕಪಕ್ಕದ ಮನೆಯವರು, ಬಾಲ್ಯದ ಗೆಳೆಯ ಯಾರಾದರೂ ಉಳಿದಿದ್ದರೆ ಅವರು, ಮನೆಯ ಚಿಕ್ಕವರು ಒಬ್ಬರು. ಮನೆಯವರಿಗೆ ಗೊತ್ತಿರುವುದು ಮನೆಯೊಳಗಿನ ಮನುಷ್ಯ ಮಾತ್ರ.

ಪ್ರಶ್ನೆ ಕೇಳುವುದರಲ್ಲೇ ಇರುವುದು ಎಲ್ಲಾ. "ಅವರು ಹೇಗಿದ್ರು?" ಎಂದರೆ "ತುಂಬಾ ಒಳ್ಳೆಯವರು" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಬದಲಿಗೆ ಹೀಗೆ ಕೇಳಿ ನೋಡಿ: ಕೋಪ ಬಂದಾಗ ಏನು ಮಾಡ್ತಿದ್ರು? ಪದೇ ಪದೇ ಹೇಳ್ತಿದ್ದ ಮಾತು ಯಾವುದು? ಯಾವುದಕ್ಕೆ ದುಡ್ಡು ಖರ್ಚು ಮಾಡೋಕೆ ಹಿಂದೆ ಮುಂದೆ ನೋಡ್ತಿರಲಿಲ್ಲ? ಯಾವ ಕೆಲಸವನ್ನು ಬೇರೆಯವರ ಕೈಗೆ ಕೊಡ್ತಾನೇ ಇರಲಿಲ್ಲ? ಕೊನೆಯ ಸಲ ಸಿಕ್ಕಾಗ ಏನು ಮಾತಾಡಿದ್ರಿ? ಇಂಥ ಪ್ರಶ್ನೆಗೆ ಜನ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಒಂದು ಕತೆ ಹೇಳುತ್ತಾರೆ. ಆ ಕತೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಟೈಲರ್ ಆಗಿದ್ದ ಒಬ್ಬರು ತೀರಿಕೊಂಡರು ಎಂದುಕೊಳ್ಳಿ. ಸಾಮಾನ್ಯವಾಗಿ ಬರುವ ಬರಹ ಹೀಗಿರುತ್ತದೆ:

"ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಸ್ನೇಹಜೀವಿ, ಪರೋಪಕಾರಿ ಹಾಗೂ ಆದರ್ಶ ತಂದೆಯಾಗಿದ್ದ ಶ್ರೀಯುತರು ಅಪಾರ ಬಂಧುಬಳಗವನ್ನು ಬಿಟ್ಟು ಅಗಲಿದ್ದಾರೆ. ಅವರ ಅಗಲಿಕೆ ತುಂಬಲಾರದ ನಷ್ಟ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೆಸರು ತೆಗೆದು ಯಾರಿಗೆ ಬೇಕಾದರೂ ಅಂಟಿಸಬಹುದು. ಈಗ ಅವರ ಗಿರಾಕಿಗಳನ್ನು ಮಾತಾಡಿಸಿ ಬಂದ ಮೇಲೆ:

"38 ವರ್ಷ ಟೈಲರ್ ಆಗಿದ್ದರು. ಮಕ್ಕಳ ಯೂನಿಫಾರಂ ಹೊಲಿಯುವಾಗ ತೋಳಿನ ಅಂಚಿನಲ್ಲಿ ಎರಡು ಇಂಚು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದರು. ಮುಂದಿನ ವರ್ಷ ಅದೇ ಅಂಗಿ ತಂದರೆ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತಿದ್ದರು. ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟಿದ್ದು ಮಾತ್ರ ಕಮ್ಮಿ."

"ಪರೋಪಕಾರಿ" ಎಂಬ ಪದ ಇಲ್ಲಿ ಎಲ್ಲೂ ಇಲ್ಲ, ಬೇಕಾಗಿಯೂ ಇಲ್ಲ. ಕೊನೆಯ ಸಾಲು ಓದಿ ಅವರ ಗಿರಾಕಿಗಳು ನಗುತ್ತಾರೆ, ಆ ನಗುವಿನಿಂದಲೇ ಮೇಲಿನ ಮಾತು ನಿಜವೆನಿಸುತ್ತದೆ. ಸಣ್ಣ ಕುಂದು ಬರೆಯಬಹುದು. ನೋವು ಕೊಟ್ಟ ದೊಡ್ಡ ಕುಂದುಗಳನ್ನು ಮುಚ್ಚಿ ದೇವರ ಹಾಗೆ ಚಿತ್ರಿಸುವುದೂ ಬೇಡ, ಬಿಚ್ಚಿಡುವುದೂ ಬೇಡ. ಅಂಥ ಕಡೆ ಕಡಿಮೆ ಬರೆಯಿರಿ, ಬರೆದಷ್ಟು ನಿಜವಾಗಿರಲಿ. ತಮಾಷೆಯ ಸಾಲನ್ನು ಪ್ರಕಟಿಸುವ ಮುನ್ನ ಮನೆಯಲ್ಲಿ ತೀರಾ ಹತ್ತಿರದವರಿಗೆ ಓದಿ ಹೇಳಿ. ಅವರ ಮುಖ ಸಣ್ಣಗಾದರೆ ತೆಗೆದುಬಿಡಿ.

ಎಲ್ಲಿಂದ ಶುರು ಮಾಡುವುದು? ಹುಟ್ಟಿದ ಊರಿನಿಂದ ಬೇಡ ಎನ್ನುತ್ತೇನೆ. ಜನ ಅವರನ್ನು ಯಾವುದಕ್ಕೆ ನೆನೆಯುತ್ತಾರೋ ಅಲ್ಲಿಂದ ಶುರು ಮಾಡಿ, ಹುಟ್ಟು, ಓದು, ಮದುವೆ ಎಲ್ಲ ಆಮೇಲೆ ನಾಲ್ಕು ಸಾಲಿನಲ್ಲಿ ಬರಲಿ. ಆ "ಯಾವುದಕ್ಕೆ" ಎಂಬುದನ್ನು ಆರಿಸುವಾಗ, ಅದರಲ್ಲೂ ಹೆಂಗಸರ ವಿಷಯದಲ್ಲಿ, ಸ್ವಲ್ಪ ಯೋಚಿಸಬೇಕು. 2013ರಲ್ಲಿ ರಾಕೆಟ್ ವಿಜ್ಞಾನಿ ಇವೊನ್ ಬ್ರಿಲ್ ತೀರಿಕೊಂಡರು. ಉಪಗ್ರಹಗಳನ್ನು ಕಕ್ಷೆಯಿಂದ ಜಾರದಂತೆ ಹಿಡಿದಿಡುವ ಎಂಜಿನ್ ರೂಪಿಸಿದವರು ಅವರು. ನ್ಯೂಯಾರ್ಕ್ ಟೈಮ್ಸ್ ಅವರ ಬಗ್ಗೆ ಬರೆದ ಮೊದಲ ಸಾಲು ಅವರ ಕೈ ಅಡುಗೆಯದ್ದು. ಓದುಗರು ಸಿಟ್ಟಾದ ಮೇಲೆ ಪತ್ರಿಕೆ ಆ ಸಾಲನ್ನು ಬದಲಿಸಿತು. 1851ರಿಂದ ತನ್ನ ನಿಧನ ಪುಟಗಳಲ್ಲಿ ಹೆಚ್ಚಿನ ಜಾಗ ಬಿಳಿಯ ಗಂಡಸರಿಗೇ ಸಿಕ್ಕಿದೆ ಎಂದು ಒಪ್ಪಿಕೊಂಡು, ಬಿಟ್ಟುಹೋದವರ ಬಗ್ಗೆ 2018ರಲ್ಲಿ ಒಂದು ಸರಣಿಯನ್ನೇ ಆರಂಭಿಸಿತು. ಮನೆಯಲ್ಲಿ ನಾವೂ ಇದನ್ನೇ ಮಾಡುತ್ತೇವೆ. ಅಮ್ಮನ ಬಗ್ಗೆ ಬರೆಯುವಾಗ "ಇಂಥವರ ಪತ್ನಿ, ಇಂಥವರ ತಾಯಿ" ಎಂದು ಮುಗಿಸುತ್ತೇವೆ. ಮೂವತ್ತು ವರ್ಷ ಮನೆಯ ಲೆಕ್ಕ ಒಂದು ಪೈಸೆ ತಪ್ಪದೆ ಬರೆದವರು ಅವರೇ ಆಗಿದ್ದರೆ ಅದೂ ಬರಲಿ. ಅಡುಗೆಯೇ ಅವರ ಹೆಮ್ಮೆಯಾಗಿತ್ತಾ? ಹಾಗಿದ್ದರೆ ಅದನ್ನೇ ಮೊದಲು ಬರೆಯಿರಿ, ತಪ್ಪೇನಿಲ್ಲ. ಅವರು ಯಾವುದನ್ನು ತಮ್ಮದೆಂದು ಹೇಳಿಕೊಳ್ಳುತ್ತಿದ್ದರು ಎಂಬುದಷ್ಟೇ ಪ್ರಶ್ನೆ.

ಯಾರ ದನಿಯಲ್ಲಿ ಬರೆಯುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿ. "ನಮ್ಮ ಅಪ್ಪ" ಎಂದು ಶುರು ಮಾಡಿದವರು ಮೂರನೇ ಸಾಲಿಗೆ "ಶ್ರೀಯುತರು" ಎಂದರೆ ಓದುವವರು ಎಡವುತ್ತಾರೆ. ಪತ್ರಿಕೆಗಾದರೆ "ಅವರು" ಸರಿ. ಮನೆಯವರೇ ಹಂಚಿಕೊಳ್ಳುವ ಬರಹಕ್ಕೆ "ನಮ್ಮ ಅಪ್ಪ" ಚೆನ್ನಾಗಿರುತ್ತದೆ. ಮುನ್ನೂರು ನಾನೂರು ಪದ ಸಾಕು. ಬರೆದ ಮೇಲೆ ಜೋರಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯ ಒಡೆಯಿರಿ. ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ನೋಡಿ.

8. ಫೋಟೋ

ಅವರು ಅವರ ಹಾಗೆಯೇ ಕಾಣುವ ಫೋಟೋ ಹಾಕಿ. ಆಸ್ಪತ್ರೆಯಲ್ಲಿ ತೆಗೆದದ್ದು ಬೇಡ. ನಲವತ್ತು ವರ್ಷ ಹಿಂದಿನದ್ದಾದರೆ ಈಚಿನ ಪರಿಚಯದವರಿಗೆ ಗುರುತು ಸಿಗುವುದಿಲ್ಲ. ಗ್ರೂಪ್ ಫೋಟೋದಿಂದ ಕತ್ತರಿಸುವುದಾದರೆ ಪಕ್ಕದವರ ಕೈ ಭುಜದ ಮೇಲೆ ಉಳಿಯದಂತೆ ನೋಡಿಕೊಳ್ಳಿ. ಮುದ್ರಣಕ್ಕೆ ಮೂಲ ಫೈಲನ್ನೇ ಕಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಇಮೇಲ್ ಮಾಡಿ. ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಇದ್ದರೆ ಮುಖ ಸ್ಪಷ್ಟವಾಗಿ ಬರುತ್ತದೆ.

9. ಪತ್ರಿಕೆಯಲ್ಲಿ

ಪತ್ರಿಕೆಗೆ ಹೋಗಲು ಎರಡು ಬಾಗಿಲು. ಒಂದು ಜಾಹೀರಾತು ವಿಭಾಗ: ದುಡ್ಡು ಕೊಡಬೇಕು, ನೀವು ಬರೆದದ್ದೇ ಬರುತ್ತದೆ, ಹೇಳಿದ ದಿನ ಬರುತ್ತದೆ. ಇನ್ನೊಂದು ಸುದ್ದಿ ವಿಭಾಗ: ದುಡ್ಡು ಬೇಕಿಲ್ಲ, ಆದರೆ ಹಾಕುವುದು ಬಿಡುವುದು ಅವರ ಇಷ್ಟ, ಅವರದ್ದೇ ಮಾತಿನಲ್ಲಿ ಬರುತ್ತದೆ. ಸಾರ್ವಜನಿಕ ಜೀವನದಲ್ಲಿ ಇದ್ದವರಾದರೆ ವಿವರಗಳ ಚೀಟಿ ಮತ್ತು ಫೋಟೋವನ್ನು ಸುದ್ದಿ ವಿಭಾಗಕ್ಕೂ ಕಳಿಸಿ. ಆದರೆ ಅಂತ್ಯಕ್ರಿಯೆಗೆ ಜನ ಬರಬೇಕಿದ್ದರೆ ಅದನ್ನು ನಂಬಿ ಕೂರಬೇಡಿ.

ಜಾಹೀರಾತಿನಲ್ಲಿ ಸಣ್ಣದಕ್ಕೆ ಪದದ ಅಥವಾ ಸಾಲಿನ ಲೆಕ್ಕ. ಚೌಕಟ್ಟಿನ ಜಾಹೀರಾತಿಗೆ ಹೆಚ್ಚಿನ ಕಡೆ ಅಗಲ ಮತ್ತು ಎತ್ತರದ ಲೆಕ್ಕ: ಎರಡು ಕಾಲಂ ಅಗಲ, 8 ಸೆಂಟಿಮೀಟರ್ ಎತ್ತರ ಎಂದರೆ 16 ಕಾಲಂ ಸೆಂಟಿಮೀಟರ್. ಒಂದು ಕಾಲಂ ಸೆಂಟಿಮೀಟರಿನ ದರವನ್ನು ಇದರಿಂದ ಗುಣಿಸಿದರೆ ಒಟ್ಟು ಮೊತ್ತ ಬರುತ್ತದೆ. ಬಣ್ಣ, ಪುಟ, ಎಷ್ಟು ಆವೃತ್ತಿ ಎಂಬುದರ ಮೇಲೆ ಏರುತ್ತದೆ. ಅವರನ್ನು ಬಲ್ಲವರು ಇರುವ ಕಡೆಯ ಆವೃತ್ತಿ ಒಂದೇ ಸಾಕಾಗಬಹುದು, ಎಲ್ಲ ಆವೃತ್ತಿಗೂ ಸುಮ್ನೆ ಹಾಕಿಸಬೇಡಿ. ಫೋನು ಮಾಡಿದಾಗ ಮೊದಲು ಕೇಳಬೇಕಾದ್ದು, "ನಾಳೆಯ ಪತ್ರಿಕೆಗೆ ಎಷ್ಟು ಗಂಟೆಯೊಳಗೆ ಕೊಡಬೇಕು?" ಎಂದು. ಆಮೇಲೆ ದರ.

ಬದುಕಿರುವವರ ಸಾವಿನ ಜಾಹೀರಾತು ಕೊಡುವ ಕಿಡಿಗೇಡಿಗಳೂ ಇರುವುದರಿಂದ ಪತ್ರಿಕೆಯವರು ದಾಖಲೆ ಕೇಳುತ್ತಾರೆ. ಮರಣ ಪ್ರಮಾಣಪತ್ರ ಅಷ್ಟು ಬೇಗ ಕೈಗೆ ಬಂದಿರುವುದಿಲ್ಲ. ಆಸ್ಪತ್ರೆಯ ಅಥವಾ ವೈದ್ಯರ ಪತ್ರ ನಡೆಯುತ್ತದಾ ಎಂದು ಕೇಳಿ, ಜೊತೆಗೆ ನಿಮ್ಮ ಗುರುತಿನ ಚೀಟಿ ಇಟ್ಟುಕೊಳ್ಳಿ.

ಕನ್ನಡದಲ್ಲಿ ಹಾಕಿಸುವವರಿಗೆ ಒಂದು ಕಿವಿಮಾತು. ಮೊಬೈಲಿನಲ್ಲಿ ನಾವು ಟೈಪ್ ಮಾಡುವುದು ಯುನಿಕೋಡ್, ಅಂದರೆ ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ. ಪುಟ ಕಟ್ಟುವ ಕಡೆ ಇನ್ನೂ ಹಳೆಯ ಫಾಂಟ್ ಇದ್ದರೆ, ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಪಠ್ಯದ ಜೊತೆ ಅದರ ಪಿಡಿಎಫ್ ಕೂಡ ಕಳಿಸಿ, ಹೋಲಿಸಿ ನೋಡಲು ಅವರಿಗೆ ಅನುಕೂಲ. ಪ್ರೂಫ್ (ಅಚ್ಚಿಗೆ ಹೋಗುವ ಮುನ್ನ ತಪ್ಪು ನೋಡಲು ಕೊಡುವ ಪ್ರತಿ) ಕೇಳಿ ಪಡೆಯಿರಿ. ಬರೆದವರು ಅದನ್ನು ನೋಡಬಾರದು, ಕಣ್ಣು ಬರೆದದ್ದನ್ನೇ ಓದಿಕೊಳ್ಳುತ್ತದೆ. ಮೊದಲು ಗೊತ್ತುಮಾಡಿದ ಆ ಎರಡನೆಯವರು ನೋಡಲಿ: ಹೆಸರು, ದಿನಾಂಕ, ಹೊತ್ತು, ಜಾಗ, ಫೋನ್ ನಂಬರ್. ಆ ನಂಬರಿಗೆ ಒಮ್ಮೆ ಕರೆ ಮಾಡಿಯೂ ನೋಡಲಿ.

10. ವಾಟ್ಸಾಪ್, ಫೇಸ್‌ಬುಕ್, ಸ್ಮರಣೆಯ ಪುಟ

ಚಿತ್ರ ಮಾಡಿ ಕಳಿಸುವಾಗ ಅದೇ ವಿವರವನ್ನು ಪಠ್ಯವಾಗಿಯೂ ಕಳಿಸಿ. ಚಿತ್ರದೊಳಗಿನ ನಂಬರಿಗಿಂತ ಪಠ್ಯದಲ್ಲಿರುವ ನಂಬರಿಗೆ ಕರೆ ಮಾಡುವುದು ಸುಲಭ, ಕಣ್ಣು ಕಾಣದವರ ಫೋನು ಓದಿ ಹೇಳುವುದೂ ಪಠ್ಯವನ್ನೇ. ಅಂತ್ಯಕ್ರಿಯೆಯ ಹೊತ್ತು ಬದಲಾದರೆ ಹಳೆಯ ಚಿತ್ರವನ್ನು ಅಳಿಸಿ, ಹೊಸದರ ಮೊದಲ ಸಾಲಿನಲ್ಲೇ "ಸಮಯ ಬದಲಾಗಿದೆ" ಎಂದು ಹಾಕಿ.

ಆನ್‌ಲೈನ್ ಸ್ಮರಣೆಯ ಪುಟ ಮಾಡುವುದಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಪುಟ ಎಷ್ಟು ಕಾಲ ಇರುತ್ತದೆ? ತಿದ್ದುವ, ಅಳಿಸುವ ಅಧಿಕಾರ ಯಾರ ಕೈಯಲ್ಲಿ? ಬರುವ ಮಾತುಗಳನ್ನು ನೀವು ನೋಡಿ ಒಪ್ಪಿದ ಮೇಲೆ ಹಾಕುತ್ತಾರಾ?

ಇನ್ನೊಂದು ಕಾಟ ಈಚೆಗೆ ಜಾಸ್ತಿಯಾಗಿದೆ. ನಿಧನ ವಾರ್ತೆಗಳನ್ನು ಕದ್ದು ತಮ್ಮ ಪುಟದಲ್ಲಿ ಹಾಕಿಕೊಂಡು ಜಾಹೀರಾತಿನಿಂದ ದುಡ್ಡು ಮಾಡುವವರಿದ್ದಾರೆ. "ಅಂತ್ಯಕ್ರಿಯೆಯ ನೇರಪ್ರಸಾರ ಇಲ್ಲಿ ನೋಡಿ" ಎಂದು ಸುಳ್ಳು ಲಿಂಕ್ ಹಾಕಿ ಕಾರ್ಡಿನ ವಿವರ ಕೇಳುವವರೂ ಇದ್ದಾರೆ. ನೇರಪ್ರಸಾರ ಇದ್ದರೆ ಅಸಲಿ ಲಿಂಕನ್ನು ನೀವೇ ಹಾಕಿ, ಅದು ಉಚಿತ ಎಂದು ಬರೆಯಿರಿ. ಇಲ್ಲದಿದ್ದರೆ "ನೇರಪ್ರಸಾರ ಇರುವುದಿಲ್ಲ" ಎಂದು ಒಂದು ಸಾಲು ಸೇರಿಸಿ. ಅವರ ನೆನಪಿನಲ್ಲಿ ದೇಣಿಗೆ ಕೇಳುವುದಾದರೆ ಸಂಸ್ಥೆಯವರಿಗೆ ಮೊದಲೇ ತಿಳಿಸಿ, ಅವರ ಖಾತೆಯ ವಿವರವನ್ನು ಅವರಿಂದಲೇ ಪಡೆದು ಹಾಕಿ.

ತೀರಿಕೊಂಡವರ ಫೇಸ್‌ಬುಕ್ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಿಸಲು ಕೋರಿಕೆ ಕೊಡಬಹುದು. ಹಾಗೆ ಮಾಡಿದ ಮೇಲೆ ಆ ಖಾತೆಗೆ ಯಾರೂ ಲಾಗಿನ್ ಆಗಲು ಬರುವುದಿಲ್ಲ, ಅವರ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿ ಎಂಬ ನೆನಪೋಲೆಯೂ ಗೆಳೆಯರಿಗೆ ಹೋಗುವುದಿಲ್ಲ. ಬೇಕಾದ ಫೋಟೋಗಳನ್ನು ಮೊದಲೇ ಇಳಿಸಿಕೊಳ್ಳಿ.

11. ಪ್ರಕಟವಾದ ಮೇಲೆ

ಪತ್ರಿಕೆ ಬಂದ ಬೆಳಿಗ್ಗೆಯೇ ಓದಿ ನೋಡಿ. ಹೆಸರೋ ಹೊತ್ತೋ ತಪ್ಪಾಗಿದ್ದರೆ ಕೂಡಲೇ ಫೋನು ಮಾಡಿ. ತಪ್ಪು ಅವರದ್ದಾದರೆ ಸಾಮಾನ್ಯವಾಗಿ ಮರುದಿನ ಸರಿಪಡಿಸಿ ಹಾಕುತ್ತಾರೆ, ನೀವು ಕಳಿಸಿದ ಪಿಡಿಎಫ್ ಆಗ ಸಾಕ್ಷಿಯಾಗುತ್ತದೆ. ಎರಡು ಮೂರು ಪ್ರತಿ ಕೊಂಡು ಇಟ್ಟುಕೊಳ್ಳಿ. ಪತ್ರಿಕೆಯ ಕಾಗದ ಬೇಗ ಹಳದಿಯಾಗುವುದರಿಂದ ಸ್ಕ್ಯಾನ್ ಮಾಡಿಡಿ, ಇ-ಪೇಪರ್ ಇದ್ದರೆ ಆ ಪುಟವನ್ನು ಇಳಿಸಿಕೊಳ್ಳಿ.

ಬರಹದಲ್ಲಿ ಹಿಡಿಸದೆ ಉಳಿದ ಕತೆಗಳು, ಫೋನಿನಲ್ಲಿ ಬರೆದುಕೊಂಡ ಟಿಪ್ಪಣಿಗಳು, ಯಾರು ಹೇಳಿದರು ಎಂಬ ವಿವರ, ಇವನ್ನೆಲ್ಲ ಫೋಟೋದ ಮೂಲ ಫೈಲಿನ ಜೊತೆ ಒಂದೇ ಫೋಲ್ಡರಿನಲ್ಲಿ ಹಾಕಿ ಮನೆಯ ಇನ್ನಿಬ್ಬರಿಗೂ ಕಳಿಸಿ. ವರ್ಷ ತುಂಬಿದಾಗ ಸ್ಮರಣೆಗೆ ಏನಾದರೂ ಬರೆಯಬೇಕಾದರೆ ಬೇರೆಯವರು ಬರೆಯಬಹುದು.